ಹಳೇ ಟ್ರೇಲರ್ ಹೋಗಿ ಹೊಸದು ಬರುವಾಗ



ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ 30-40 ಸೈಟಿನ ಹಳೇ ಮನೆ ಒಡೆದು ಮೂರು ಅಂತಸ್ತು ಎಬ್ಬಿಸುತ್ತಿರುವ ರಸ್ತೆಯಲ್ಲಿ ನೀವಿದ್ದರೆ, ಮೋಲ್ಡಿಂಗ್ ಕೆಲಸದ ಬೆಳಗ್ಗೆ ಈ ಮೆರವಣಿಗೆಯನ್ನು ನೋಡಿಯೇ ಇರುತ್ತೀರಿ. ಮುಂದೆ ಟ್ರ್ಯಾಕ್ಟರ್. ಅದರ ಹಿಂದೆ ಟ್ರೇಲರ್. ಟ್ರೇಲರಿನ ತುಂಬ ಸೆಂಟ್ರಿಂಗ್ ಶೀಟು, ಜಾಕಿ, ಸರ್ವೆ ಕಂಬ. ಅವುಗಳ ಮೇಲೆ ಕೂತ ನಾಲ್ಕಾರು ಆಳುಗಳು. ಇಷ್ಟು ಸಾಲದೆಂಬಂತೆ ಟ್ರೇಲರಿನ ಬಾಲಕ್ಕೆ ಸರಪಳಿಯಲ್ಲಿ ಬಿಗಿದ ಕಾಂಕ್ರೀಟ್ ಮಿಕ್ಸರ್. ರೆಡಿಮಿಕ್ಸ್ ಲಾರಿ ಬಂದು ಎಷ್ಟೋ ಕಾಲವಾಯಿತು ನಿಜ. ಆದರೆ ಎರಡೂ ಕಡೆ ಕಾರು ನಿಂತಿರುವ ಅಡ್ಡರಸ್ತೆಗೆ ಆ ಲಾರಿ ನುಗ್ಗುವುದಿಲ್ಲ. ಹಾಗಾಗಿ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕೆಂಗೇರಿ ಕಡೆಯ ಸೆಂಟ್ರಿಂಗ್ ಕಂಟ್ರಾಕ್ಟರುಗಳಿಗೆ ಟ್ರ್ಯಾಕ್ಟರ್-ಟ್ರೇಲರ್ ಜೋಡಿ ಇವತ್ತಿಗೂ ಅನ್ನದ ದಾರಿ.

ಈ ಜೋಡಿಯಲ್ಲಿ ಟ್ರ್ಯಾಕ್ಟರಿಗೆ ಸಿಗುವ ಮರ್ಯಾದೆ ಟ್ರೇಲರಿಗೆ ಸಿಗುವುದಿಲ್ಲ. ಟ್ರ್ಯಾಕ್ಟರ್ ಕೊಳ್ಳುವವರು ಹಾರ್ಸ್‌ಪವರ್ ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತದೆ, ಯಾವ ಕಂಪನಿಯದು ಒಳ್ಳೆಯದು ಎಂದು ಊರೆಲ್ಲ ವಿಚಾರಿಸುತ್ತಾರೆ. ಟ್ರೇಲರಿಗೆ ಬಂದಾಗ ಮಾತು ಒಂದೇ: ‘ಎಷ್ಟು ಹಿಡಿಸುತ್ತೆ, ಎಷ್ಟಕ್ಕೆ ಕೊಡ್ತೀರ?’ ಎಂಜಿನ್ ಇಲ್ಲದ ಕಬ್ಬಿಣದ ಡಬ್ಬ, ಅದರಲ್ಲಿ ನೋಡುವುದೇನಿದೆ ಎಂಬ ಭಾವನೆ. ನೋಡುವುದಿದೆ, ಟ್ರ್ಯಾಕ್ಟರಿನಲ್ಲಿ ಇರುವುದಕ್ಕಿಂತ ಹೆಚ್ಚೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಏಕೆಂದರೆ ರಸ್ತೆಯ ಮೇಲೆ ದೊಡ್ಡ ತೂಕ ಇರುವುದು ಹಿಂದಿನದರಲ್ಲಿ.

ಒಂದು ಲೆಕ್ಕ ಹಾಕೋಣ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಬಾಡಿ ಎಂದರೆ 120 ಘನ ಅಡಿ. ಅದರಲ್ಲಿ ಹುಲ್ಲು ತುಂಬಿದರೆ ಟ್ರ್ಯಾಕ್ಟರಿಗೆ ಗೊತ್ತೂ ಆಗುವುದಿಲ್ಲ. ಮರಳು ತುಂಬಿ ನೋಡಿ. ಒಣ ಮರಳು ಘನ ಅಡಿಗೆ ಸುಮಾರು 45 ಕೆ.ಜಿ. ತೂಗುತ್ತದೆ. ನಮ್ಮಲ್ಲಿ ಒಂದು ಯೂನಿಟ್ ಎನ್ನುವ 100 ಘನ ಅಡಿ ಮರಳಿಗೆ ನಾಲ್ಕೂವರೆ ಟನ್ ಆಯಿತು, ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಖಾಲಿ ಟ್ರೇಲರಿನದೇ ಒಂದು, ಒಂದೂವರೆ ಟನ್ ಸೇರಿಸಿ. ಎಳೆಯುವ ಟ್ರ್ಯಾಕ್ಟರ್ 45 ಹಾರ್ಸ್‌ಪವರಿನದಾದರೆ ಅದರ ತೂಕ ಎರಡು ಟನ್ ಆಸುಪಾಸು. ಅಂದರೆ ತನಗಿಂತ ಮೂರು ಪಟ್ಟು ಭಾರದ್ದನ್ನು ಬೆನ್ನಿಗೆ ಕಟ್ಟಿಕೊಂಡು ಅದು ಮಾಗಡಿ ರಸ್ತೆಗೆ ಇಳಿದಿದೆ. ಕಬ್ಬಿಣದ ಕಂಬಿಯದು ಇನ್ನೊಂದು ಮೋಸ. 12 ಮಿ.ಮೀ. ಕಂಬಿ ಮೀಟರಿಗೆ 890 ಗ್ರಾಂ ಬರುತ್ತದೆ, 12 ಮೀಟರಿನ ಒಂದು ಕಂಬಿಗೆ ಹತ್ತೂವರೆ ಕೆ.ಜಿ. ಮೀರುತ್ತದೆ. ತೊಂಬತ್ತನಾಲ್ಕು ಕಂಬಿ ಸೇರಿದರೆ ಒಂದು ಟನ್. ಟ್ರೇಲರಿನ ತಳದಲ್ಲಿ ಅದು ಒಂದು ಹಿಡಿಯಷ್ಟು ಕಾಣುತ್ತದೆ. ಜಾಗ ಇನ್ನೂ ಇದೆಯಲ್ಲ ಎಂದು ಮತ್ತೆ ಮತ್ತೆ ಹೇರುವವರಿದ್ದಾರೆ.

ಭಾರ ಎಷ್ಟು ಎನ್ನುವಷ್ಟೇ ಮುಖ್ಯವಾದುದು ಭಾರ ಎಲ್ಲಿ ಕೂತಿದೆ ಎನ್ನುವುದು. ಇದನ್ನು ನಮ್ಮ ಹಳ್ಳಿಯ ಗಾಡಿ ಹೊಡೆಯುವವರು ಮುಂಭಾರ, ಹಿಂಭಾರ ಎಂಬ ಎರಡೇ ಮಾತಿನಲ್ಲಿ ತಿಳಿದುಕೊಂಡಿದ್ದರು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಣೆಗೆಂದು 1970ರ ದಶಕದಿಂದ ದುಡಿದವರು. ಎತ್ತಿನ ಹೆಗಲ ಮೇಲಿನ ಈ ಭಾರವನ್ನು ಇಳಿಸುವುದು ಅವರ ಮುಖ್ಯ ಚಿಂತೆಗಳಲ್ಲೊಂದಾಗಿತ್ತು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರಿಗೆ ಗಾಡಿಯ ನೊಗದ ಯೋಚನೆ ಯಾಕೆ ಎಂದು ಆಗ ಹುಬ್ಬೇರಿಸಿದವರೂ ಇದ್ದಿರಬೇಕು.

ಎರಡು ಚಕ್ರದ ಟ್ರೇಲರಿಗೂ ನಿಯಮ ಅದೇ. ಹೇರಿದ್ದು ಸ್ವಲ್ಪ ಮುಂಭಾರವಾಗಿದ್ದರೆ ಒಳ್ಳೆಯದು: ಒಂದಷ್ಟು ತೂಕ ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬಿದ್ದು ಅವು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಅತಿಯಾದರೆ ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಕುರುಬರಹಳ್ಳಿ, ಕಮಲಾನಗರದ ಏರುಗಳಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೇಳುವುದು ಹೀಗೆ. ಹಿಂಭಾರವಾದರೆ ಕೊಂಡಿ ಮೇಲಕ್ಕೆ ಜಗ್ಗಿ, ಮಳೆ ಬಿದ್ದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿ ಇದ್ದಲ್ಲೇ ಸುತ್ತುತ್ತದೆ, ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಸೆಂಟ್ರಿಂಗ್ ಸಾಮಾನು ಸಾಗಿಸುವವರ ಕಷ್ಟ ಇಲ್ಲೇ. ಹನ್ನೆರಡಡಿಯ ಸರ್ವೆ ಕಂಬ ಹತ್ತಡಿಯ ಬಾಡಿಯಲ್ಲಿ ಕೂರುವುದಿಲ್ಲ. ಹಿಂದಿನ ಡೋರು ಇಳಿಸಿ ಆಚೆಗೆ ಚಾಚಿಸುತ್ತಾರೆ. ಹಿಂಭಾರವೂ ಆಯಿತು, ಹಿಂದೆ ಬರುವ ಸ್ಕೂಟರಿನವರ ಮುಖದ ಎತ್ತರಕ್ಕೆ ಕಂಬಗಳ ತುದಿಯೂ ಬಂತು. ಹಾಗಾಗಿ ಮರಳು ಹೊಡೆಯುವವರು ಕೊಂಡ ಟ್ರೇಲರನ್ನೇ ನೋಡಿ ನೀವೂ ಕೊಳ್ಳಬೇಡಿ. ನಿಮ್ಮ ಅತಿ ಉದ್ದದ ಸಾಮಾನನ್ನು ಅಳತೆಪಟ್ಟಿ ಹಿಡಿದು ಅಳೆಯಿರಿ, ಬಾಡಿಯ ಉದ್ದ ಅದಕ್ಕೆ ಸರಿಯಾಗಿರಲಿ, ಆಕ್ಸಲ್ ಕೂರಿಸುವ ಜಾಗವನ್ನು ಆ ಉದ್ದ ನೋಡಿ ಗುರುತು ಮಾಡಲು ಹೇಳಿ.

ಉದ್ದ ಹೆಚ್ಚಾದರೆ ಅಡ್ಡರಸ್ತೆಯಲ್ಲಿ ತಿರುಗಿಸುವುದು ಕಷ್ಟವಲ್ಲವೇ ಎಂದು ಕೇಳಬಹುದು. ಮುಂದಕ್ಕೆ ತಿರುಗಿಸುವಾಗ ಹೌದು. ರಿವರ್ಸಿನಲ್ಲಿ ಮಾತ್ರ ಉದ್ದನೆಯ ಟ್ರೇಲರೇ ಸಾಧು. ಗಿಡ್ಡನೆಯದು ಸ್ಟೇರಿಂಗ್ ಸ್ವಲ್ಪ ಅಲುಗಿದರೂ ಪಟ್ಟನೆ ಮಡಚಿಕೊಳ್ಳುತ್ತದೆ. ಹಿಂದೆ ನಿಂತ ಹುಡುಗ ಬಾಡಿ ತಟ್ಟುತ್ತ ‘ಬರ್ಲಿ ಬರ್ಲಿ’ ಎನ್ನುತ್ತಿರುವಾಗಲೇ ಅದು ಪಕ್ಕದ ಮನೆಯ ಗೇಟಿಗೆ ಹೋಗಿ ಮುತ್ತಿಟ್ಟಿರುತ್ತದೆ.

ಈಗ ಬ್ರೇಕಿನ ವಿಷಯ. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಪೆಡಲೂ ಎರಡು, ಎಡಗಾಲಿಗೊಂದು ಬಲಗಾಲಿಗೊಂದು. ಉಳುವಾಗ ಸಾಲಿನ ಕೊನೆಯಲ್ಲಿ ಒಂದನ್ನೇ ಒತ್ತಿ ಇದ್ದಲ್ಲೇ ತಿರುಗಲಿ ಎಂದು ಮಾಡಿದ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಸಣ್ಣ ಕೊಂಡಿಯನ್ನು ಹಾಕಿಕೊಳ್ಳಬೇಕು. ಹಾಕಿಕೊಳ್ಳದೆ ಇಳಿಜಾರಿನಲ್ಲಿ ಗಾಬರಿಯಿಂದ ಒಂದು ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನಿಂದ ಆರು ಟನ್ ತಳ್ಳುತ್ತಿದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲ. ಆಗ ಎರಡೂ ಕತ್ತರಿಯಂತೆ ಮಡಚಿಕೊಂಡು, ಎಷ್ಟೋ ಸಲ ಟ್ರ್ಯಾಕ್ಟರ್ ಮಗುಚುತ್ತದೆ. ಡ್ರೈವರ್ ಚೆನ್ನಾಗಿರಲಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಾರೆ. ಬ್ರೇಕ್ ಹಾಕಿಸದೆ ಉಳಿಸಿದ ದುಡ್ಡಿನ ಮಾತನ್ನು ಯಾರೂ ಎತ್ತುವುದಿಲ್ಲ.

ಟ್ರೇಲರಿಗೆ ಬ್ರೇಕ್ ಕೂರಿಸಲು ದಾರಿಗಳಿವೆ. ಟ್ರ್ಯಾಕ್ಟರ್ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯಿಂದಲೇ ಟ್ರೇಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ಮೂಕಿಯೊಳಗಿನ ದಂಡ ಸರಿದು ಬ್ರೇಕ್ ಹಿಡಿಯುವಂತೆ ಮಾಡಬಹುದು. ಟ್ರ್ಯಾಕ್ಟರಿನಿಂದ ಎಣ್ಣೆಯ ಒತ್ತಡ ಅಥವಾ ಗಾಳಿಯ ಒತ್ತಡದ ಪೈಪು ಎಳೆದು ಪೆಡಲ್ ತುಳಿದಾಗ ಎರಡೂ ಒಟ್ಟಿಗೆ ನಿಲ್ಲುವಂತೆಯೂ ಮಾಡಬಹುದು. ನಗರದಲ್ಲಿ ಓಡಿಸುವವರು ಎರಡನೆಯದನ್ನೇ ಹಾಕಿಸುವುದು ಮೇಲು. ಬಾಡಿಯ ಬಣ್ಣ, ಹಿಂದೆ ಬರೆಸುವ ದೇವರ ಹೆಸರು, ಕ್ರೋಮಿನ ಅಲಂಕಾರ ಎಲ್ಲ ಆಮೇಲಿರಲಿ. ಬಜೆಟ್ಟಿನಲ್ಲಿ ಮೊದಲ ಸಾಲು ಬ್ರೇಕಿನದಾಗಲಿ.

ವರ್ಕ್‌ಶಾಪಿಗೆ ಹೋದಾಗ ತಗಡಿನ ಗೇಜ್ ಕೇಳುವುದು ವಾಡಿಕೆ. ಇಲ್ಲೊಂದು ತಲೆಕೆಳಗು ಲೆಕ್ಕವಿದೆ: ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 10 ಗೇಜಿನದು ಮೂರು ಮಿಲಿಮೀಟರಿಗಿಂತ ದಪ್ಪ; 14 ಗೇಜಿನದು ಎರಡೇ ಮಿಲಿಮೀಟರು. ‘ಹದಿನಾಲ್ಕು ಹಾಕ್ಕೊಡ್ತೀನಿ ಯಜಮಾನ್ರೇ, ಹತ್ತಕ್ಕಿಂತ ಜಾಸ್ತಿ’ ಎಂದು ಯಾರಾದರೂ ನಗುಮುಖದಿಂದ ಹೇಳಿದರೆ ನೀವೂ ನಕ್ಕು ಸ್ಕ್ರೂಗೇಜ್ ತರಿಸಿ. ತಳಕ್ಕೆ ದಪ್ಪ ತಗಡು ಬೇಕು, ಪಕ್ಕಗಳಿಗೆ ತೆಳುವಾದರೂ ನಡೆಯುತ್ತದೆ. ಬಣ್ಣ ಬಳಿಯುವ ಮೊದಲೇ ಹೋಗಿ ಬೆಸುಗೆ ನೋಡುವುದು ಜಾಣತನ. ಬಣ್ಣದ ಕೆಳಗೆ ಎಲ್ಲ ಬೆಸುಗೆಯೂ ಒಂದೇ ಥರ ಕಾಣುತ್ತದೆ. ಮೂಕಿ ಚಾಸಿಗೆ ಸೇರುವ ಮೂಲೆಯನ್ನು ಬಗ್ಗಿ ಕೆಳಗಿನಿಂದ ನೋಡಿ. ಬೆಸುಗೆ ಸುತ್ತಲೂ ಓಡಿರಬೇಕು, ಅಲ್ಲಲ್ಲಿ ಚುಕ್ಕೆ ಇಟ್ಟಂತಿರಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದ ಟೈರು. ಹೊಸ ಟ್ರೇಲರಿಗೆ ಹಳೇ ಟೈರು ಹಾಕಿ ಕಪ್ಪು ಪಾಲಿಶ್ ಬಳಿದಿದ್ದರೆ ಈ ನಾಲ್ಕು ಅಂಕಿ ಹೇಳಿಬಿಡುತ್ತದೆ. ಕೊನೆಗೆ, ತಯಾರಾದ ಟ್ರೇಲರನ್ನು ಖಾಲಿಯಿರುವಾಗಲೇ ವೇಬ್ರಿಡ್ಜಿಗೆ ಹತ್ತಿಸಿ ಚೀಟಿ ತೆಗೆದುಕೊಳ್ಳಿ. ಕಾಗದದಲ್ಲಿ ಬರೆದ ತೂಕಕ್ಕಿಂತ ಚೀಟಿಯದು ಬಹಳ ಕಡಿಮೆಯಿದ್ದರೆ, ಎಲ್ಲೋ ಕಬ್ಬಿಣ ಕಡಿಮೆಯಾಗಿದೆ.

ಕಾಗದ ಎಂದಾಗ ಕಾನೂನಿನ ಮಾತು ಬಂತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ನೋಂದಣಿ ಆಗಬೇಕಾದ ಪ್ರತ್ಯೇಕ ವಾಹನ. ಅದಕ್ಕೆ ಅದರದೇ ನಂಬರು, ಅದರದೇ ಚಾಸಿ ಸಂಖ್ಯೆ. ರಾಜಾಜಿನಗರದ ಆರ್‌ಟಿಒದಲ್ಲಾದರೆ ಕೆಎ-02, ಜ್ಞಾನಭಾರತಿಯಲ್ಲಾದರೆ ಕೆಎ-41. ಮಾರಿದವರು ಫಾರಂ 21ರ ಮಾರಾಟ ಪತ್ರ, ಫಾರಂ 22ರ ಯೋಗ್ಯತಾ ಪತ್ರ ಕೊಡಬೇಕು. ಫಾರಂ 20ರ ಅರ್ಜಿ ನಿಮ್ಮದು. ಮುಂಗಡ ಕೊಡುವ ಮುನ್ನವೇ ಈ ಕಾಗದಗಳು ಸಿಗುತ್ತವೆಯೇ, ಆ ಮಾದರಿಗೆ ಅನುಮೋದನೆ ಇದೆಯೇ ಎಂದು ಕೇಳಿ. ‘ಗಾಡಿ ತಗೊಂಡೋಗಿ ಅಣ್ಣ, ಪೇಪರ್ ಆಮೇಲೆ ಮಾಡ್ಕೊಡೋಣ’ ಎನ್ನುವ ಕಡೆ ನಿಲ್ಲಬೇಡಿ.

ಇನ್ನೊಂದು ಮುಜುಗರದ ವಿಷಯ. ನಿಯಮಗಳಲ್ಲಿ ಕೃಷಿ ಟ್ರೇಲರ್ ಎಂದರೆ ಬಹುಪಾಲು ಕೃಷಿ ಸಾಮಗ್ರಿ ಸಾಗಿಸುವಂಥದು. ಪಶ್ಚಿಮ ಬೆಂಗಳೂರಿನ ಟ್ರೇಲರುಗಳಲ್ಲಿ ಎಷ್ಟು ಹೊಲದ ಮಣ್ಣನ್ನು ಕಂಡಿವೆ? ಕೆಂಗೇರಿಯಾಚೆಯ ಗದ್ದೆ ತೋಟಗಳೂ ಲೇಔಟ್ ಆಗುತ್ತಿವೆ. ಕೃಷಿಗೆಂದು ನೋಂದಾಯಿಸಿ ಬಾಡಿಗೆಗೆ ಸೆಂಟ್ರಿಂಗ್ ಹೊಡೆದರೆ ತೆರಿಗೆಯಲ್ಲಿ ಉಳಿದದ್ದು ಅಪಘಾತವಾದ ದಿನ ಹೋಗುತ್ತದೆ. ವಿಮಾ ಕಂಪನಿ ಮೊದಲು ಕೇಳುವುದೇ ಎರಡು ಪ್ರಶ್ನೆ: ಟ್ರೇಲರಿನ ನಂಬರು ಪಾಲಿಸಿಯಲ್ಲಿ ಇದೆಯೇ, ಗಾಡಿ ಯಾವ ಕೆಲಸದಲ್ಲಿತ್ತು? ಟ್ರ್ಯಾಕ್ಟರಿನ ಲೈಸೆನ್ಸ್ ಇರುವವರು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವರಾಗುವುದಿಲ್ಲ ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಅದು ಡ್ರೈವರಿನ ಲೈಸೆನ್ಸಿನ ಮಾತು. ಪಾಲಿಸಿಯಲ್ಲಿ ಟ್ರೇಲರನ್ನೇ ಸೇರಿಸದಿದ್ದರೆ ಆ ತೀರ್ಪು ಕಾಪಾಡುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಬಾಡಿಗೆ ಕೆಲಸವೇ ಆದರೆ ಸಾರಿಗೆ ವಾಹನವೆಂದೇ ನೋಂದಾಯಿಸಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ ಎಫ್‌ಸಿ ಮಾಡಿಸಬೇಕಾಗುತ್ತದೆ. ಜಿಎಸ್‌ಟಿಯಲ್ಲೂ ಇದೇ ಭೇದ. ಕೃಷಿಗೆಂದೇ ಇರುವ, ತಾನೇ ತುಂಬುವ ಅಥವಾ ತಾನೇ ಸುರಿಯುವ ಟ್ರೇಲರುಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಶೇ 5 ಹಾಕಿಸಿಕೊಂಡು ಸೆಂಟ್ರಿಂಗಿಗೆ ಬಳಸುವವರು, ಆ ಬಿಲ್ಲೇ ನಾಳೆ ಸಾಕ್ಷಿಯಾಗಬಹುದು ಎಂಬುದನ್ನು ನೆನಪಿಡಬೇಕು.

ಹೊಳೆಯುವ ಪಟ್ಟಿಯನ್ನು ಮರೆಯಬೇಡಿ: ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ, ಮುಂದೆ ಬಿಳಿ. ಮೈಸೂರು ರಸ್ತೆಯ ಮೆಟ್ರೊ ಕಂಬಗಳ ನೆರಳಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್ ರಾತ್ರಿ ಕಾಣುವುದಿಲ್ಲ. ಮಿಕ್ಸರನ್ನು ಅದರ ಬಾಲಕ್ಕೆ ಕಟ್ಟುವ ಪದ್ಧತಿಯಂತೂ ನಿಂತರೆ ಚೆನ್ನ. ಸರಪಳಿಯಲ್ಲಿ ಎಳೆದದ್ದು ನಿಲ್ಲಬೇಕಾದಾಗ ನಿಲ್ಲುವುದಿಲ್ಲ.

ಇನ್ನು ಹಳೆಯದರ ಗತಿ. ಹಳೇ ಟ್ರೇಲರಿನ ಆಯಸ್ಸು ತಿಳಿಯಲು ಒಂದು ಜಾಗ ನೋಡಿದರೆ ಸಾಕು: ಮೂಕಿಯ ತುದಿಯ ಕಬ್ಬಿಣದ ಬಳೆ. ದುಂಡಗಿದ್ದ ತೂತು ವರ್ಷಗಟ್ಟಲೆ ಪಿನ್ನು ಉಜ್ಜಿ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಒಳಅಂಚು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಪಿನ್ನಿನ ಲಾಕ್ ಕಳೆದುಹೋಗಿ ಅದರ ಜಾಗದಲ್ಲಿ ಬಗ್ಗಿಸಿದ ಮೊಳೆಯೋ ಬೈಂಡಿಂಗ್ ವೈರೋ ಇರುತ್ತದೆ. ಇಂಥದ್ದನ್ನು ‘ಬೆಸುಗೆ ಹಾಕಿಸಿಕೊಂಡು ಇನ್ನೊಂದು ವರ್ಷ ಓಡಿಸಿಕೊಳ್ಳಿ’ ಎಂದು ಇನ್ನೊಬ್ಬರಿಗೆ ದಾಟಿಸುವುದು ಸರಿಯಲ್ಲ. ಗಟ್ಟಿಯಾಗಿರುವುದನ್ನು ಮಾರುವುದಾದರೆ ಫಾರಂ 29, 30 ಕೊಟ್ಟು ಹೆಸರು ವರ್ಗಾಯಿಸಿ. ಗುಜರಿಗೆ ಹಾಕುವುದಾದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ತೂಕಕ್ಕೆ ಮಾರಿ ದುಡ್ಡು ಎಣಿಸಿಕೊಂಡು ಬಂದರೆ ಕಬ್ಬಿಣ ಕರಗಿಹೋದರೂ ನಂಬರು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆ ನಂಬರಿನ ಫಲಕ ಬೇರೆ ಗಾಡಿಯ ಮೇಲೆ ಕಾಣಿಸಿಕೊಂಡರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಹೊಸದು ಮನೆಗೆ ಬಂದು, ಪೂಜೆಯಾಗಿ, ನಿಂಬೆಹಣ್ಣು ಜಜ್ಜಿ, ಮೊದಲ ಲೋಡು ಹೋಗಿ ಬಂದ ಮೇಲೆ ಗಾಲಿಯ ನಟ್ಟುಗಳನ್ನೂ ಸ್ಪ್ರಿಂಗ್ ಪಟ್ಟಾ ಹಿಡಿದಿರುವ ಯು-ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಹೊಸ ಕಬ್ಬಿಣ ಭಾರಕ್ಕೆ ಕೂತಾಗ ಅವು ಸಡಿಲವಾಗುತ್ತವೆ. ವಾರ ಕಳೆದ ಮೇಲೆ ಇನ್ನೊಮ್ಮೆ. ಹಬ್ ಮುಟ್ಟಿ ನೋಡಿ: ಒಂದು ಕಡೆಯದು ಬೆಚ್ಚಗಿದ್ದು ಇನ್ನೊಂದು ಕಡೆಯದು ಕೈಸುಡುವಂತಿದ್ದರೆ ಬೇರಿಂಗ್ ಅತಿ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಆ ದಿನವೇ ವರ್ಕ್‌ಶಾಪಿಗೆ ವಾಪಸ್ ಒಯ್ಯಿರಿ.