ಹೆಸರಿನಲ್ಲಿ ಹಂದಿ, ಕುಲದಲ್ಲಿ ಇಲಿ
(ಶಾಲಾ ವಿಜ್ಞಾನ ಸಂಘದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸ)



ನಮ್ಮ ಕಾಸರಗೋಡಿನ ಗುಡ್ಡಗಳ ಮುಳ್ಳುಹಂದಿಯನ್ನು ನಾವು ಹಂದಿಯೆಂದೇ ಕರೆಯುತ್ತ ಬಂದಿದ್ದೇವೆ. ವಾಸ್ತವವಾಗಿ ಅದು ಇಲಿ, ಅಳಿಲುಗಳು ಸೇರಿರುವ ದಂಶಕ ಗಣದ ಪ್ರಾಣಿ. ಅದರ ತಲೆಬುರುಡೆಯಲ್ಲಿ ಕಣ್ಣಿನ ಮುಂದೆ ದೊಡ್ಡದೊಂದು ರಂಧ್ರವಿದೆ. ದವಡೆಯ ಸ್ನಾಯುವಿನ ಒಂದು ಭಾಗ ಅದರೊಳಗಿಂದ ಹಾದು ಮೂತಿಯ ಮೂಳೆಯನ್ನು ಸೇರುತ್ತದೆ. ಸಾಗರದಾಚೆ ದಕ್ಷಿಣ ಅಮೆರಿಕದ ಚಿಂಚಿಲ್ಲಾ, ಕ್ಯಾಪಿಬರ, ಗಿನಿಹಂದಿಗಳಲ್ಲಿಯೂ (ಅಲ್ಲಿಯೂ ಹಂದಿಯ ಹೆಸರು ತಪ್ಪಲಿಲ್ಲ!) ಇದೇ ರಚನೆ ಕಾಣುತ್ತದೆ. ಇವೆಲ್ಲ ದೂರದ ದಾಯಾದಿಗಳು.

ದಕ್ಷಿಣ ಅಮೆರಿಕ ದ್ವೀಪವಾಗಿದ್ದ ಕಾಲದಲ್ಲಿ, ಸುಮಾರು ಮೂರೂವರೆ-ನಾಲ್ಕು ಕೋಟಿ ವರ್ಷಗಳ ಹಿಂದೆ, ಇವುಗಳ ಪೂರ್ವಜರು ನೆರೆಯಲ್ಲಿ ಕಿತ್ತುಬಂದ ಮರಗಿಡಗಳ ತೆಪ್ಪವೇರಿ ಆಫ್ರಿಕದಿಂದ ತೇಲಿಬಂದುವೆಂಬುದು ಬಹುಮಂದಿ ವಿದ್ವಾಂಸರ ಮತ. ನಂಬುವುದು ಕಷ್ಟವೇ, ಆದರೆ ಉಳಿದ ವಿವರಣೆಗಳು ಇದಕ್ಕಿಂತ ದುರ್ಬಲವಾಗಿವೆ.

ಅಲ್ಲಿ ಕೆಲವು ವಂಶಗಳು ಅಪಾರವಾಗಿ ಬೆಳೆದುವು. 1987ರಲ್ಲಿ ಉರುಗ್ವೆಯ ಕಿಯೂ ತೀರದಲ್ಲಿ ಹವ್ಯಾಸಿ ಸಂಶೋಧಕ ಸೆರ್ಹಿಯೊ ವಿಯೆರಾ ಅವರಿಗೆ 53 ಸೆಂಟಿಮೀಟರ್ ಉದ್ದದ ತಲೆಬುರುಡೆಯೊಂದು ದೊರೆಯಿತು. ಅದು ವಸ್ತುಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಕಾದಿತ್ತು. 2008ರಲ್ಲಿ ರಿಂಡರ್‌ಕ್ನೆಕ್ಟ್ ಮತ್ತು ಬ್ಲಾಂಕೊ ಅದನ್ನು ಜೋಸೆಫೊಆರ್ಟಿಗಾಸಿಯ ಮೊನೆಸಿ ಎಂದು ಹೆಸರಿಸಿ, ಪ್ರಾಣಿಯ ತೂಕ ಸುಮಾರು ಒಂದು ಟನ್ ಇದ್ದಿರಬೇಕೆಂದರು. ಇದರ ಬದುಕಿರುವ ಬಂಧು ಪಕರಾನಾ ಹದಿನೈದು ಕಿಲೋ ತೂಗಿದರೆ ಹೆಚ್ಚು! ಮುಂದೆ 2022ರಲ್ಲಿ, ತಲೆಬುರುಡೆಯು ಕುತ್ತಿಗೆಯನ್ನು ಕೂಡುವ ಕೀಲಿನ ಅಗಲವನ್ನು ಅಳೆದು ಮಾಡಿದ ಲೆಕ್ಕದಲ್ಲಿ ಆ ಟನ್ 480 ಕಿಲೋಗೆ ಇಳಿಯಿತು. ಪತ್ರಿಕೆಗಳು ಮೊದಲ ಅಂಕಿಯನ್ನೇ ಮೆಚ್ಚುತ್ತವೆ. ವಿದ್ಯಾರ್ಥಿಗಳು ಎರಡನೆಯದನ್ನೂ ಬರೆದುಕೊಳ್ಳಬೇಕು.

ತೂಕಕ್ಕಿಂತಲೂ ಜಟಿಲವಾದುದು ವರ್ಗೀಕರಣ. ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ (ನಿಧನ 1911) ನಮ್ಮಂತೆಯೇ ಶಾಲಾ ಶಿಕ್ಷಕರಾಗಿದ್ದವರು. ತಮ್ಮ ಕಾರ್ಲೋಸ್ ಪೆಟಗೋನಿಯದಲ್ಲಿ ಅಲೆದು ತಂದ ಪಳೆಯುಳಿಕೆಗಳಿಗೆ ಅಣ್ಣ ಹೆಸರಿಡುತ್ತಿದ್ದರು. ಎಷ್ಟೋ ಪ್ರಭೇದಗಳಿಗೆ ಆಧಾರವಾಗಿದ್ದುದು ಬಿಡಿ ಹಲ್ಲುಗಳು, ದವಡೆಯ ಚೂರುಗಳು ಮಾತ್ರ. ಆದರೆ ಕ್ಯಾಪಿಬರದ ಹಲ್ಲು ಜೀವಮಾನವಿಡೀ ಬೆಳೆಯುವಂಥದು. ವಯಸ್ಸಿನೊಡನೆ ಅದರ ಮೇಲಿನ ಮಡಿಕೆಗಳ ಆಕಾರವೂ ಬದಲಾಗುತ್ತದೆ. ಮರಿಯೂ ತಾಯಿಯೂ ಎರಡು ಪ್ರಭೇದಗಳೆಂದು ದಾಖಲಾದರೆ, ಎಷ್ಟು ಬಗೆ ಹುಟ್ಟಿದುವು, ಎಷ್ಟು ಅಳಿದುವು ಎಂಬ ಲೆಕ್ಕವೆಲ್ಲ ಬುಡಮೇಲಾಗುತ್ತದೆ. 2005ರಲ್ಲಿ ಮರಿಯಾ ಗಿಯೊಮಾರ್ ವುಸೆಟಿಚ್ ಮತ್ತು ಸಂಗಡಿಗರು ಪಳೆಯುಳಿಕೆಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ನೋಡಿದಾಗ, ಬೇರೆಬೇರೆಯೆಂದು ಎಣಿಸಿದ್ದ ಹಲವು ಕ್ಯಾಪಿಬರಗಳು ಒಂದೇ ಪ್ರಾಣಿಯ ಬೆಳವಣಿಗೆಯ ಹಂತಗಳೆಂದು ಕಂಡುಬಂತು. ಹಳೆಯ ಹೆಸರುಗಳು ಹೀಗೆ ಅಳಿಸಿಹೋದರೂ, ಅಮೆಗಿನೊ ಅವರೇ ಇಟ್ಟ ಕಾರ್ಡಿಯಾಥೀರಿಯಂ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.