ವಿದೂಷಕನ ಕೈಯ ಕತ್ತಿ

ನಾಟಕದಲ್ಲಿ ರಾಜನ ಪಾತ್ರ ಹಿರಿದೋ, ಹಾಸ್ಯಗಾರನ ಪಾತ್ರ ಹಿರಿದೋ? ಗುಬ್ಬಿ, ತುಮಕೂರು, ಕುಣಿಗಲ್ ಕಡೆಯ ಶ್ರೋತೃಗಳಿಗೆ ಈ ಪ್ರಶ್ನೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಗೆ ಮುಂದೆ ಒಡೆಯರಾದ ವೀರಣ್ಣನವರು 'ಸದಾರಮೆ'ಯಲ್ಲಿ ಹಾಕಿದ್ದು ಕಳ್ಳನ ವೇಷ. ಕಿರೀಟವಿಲ್ಲದ ಆ ವೇಷ ಅವರಿಗೆ ನಾಡಿನಲ್ಲೆಲ್ಲ ಹೆಸರು ತಂದಿತು. ಹಾಸ್ಯಗಾರನ ಮರ್ಯಾದೆಯನ್ನು ಹೀಗೆ ಬಲ್ಲವರು ಮೆಚ್ಚಬಹುದಾದ ಹಾಲಿವುಡ್ ಚಿತ್ರವೊಂದುಂಟು. ಅದರ ಹೆಸರು 'ಸ್ಕಾರಮೂಷ್'.

ಇಟಲಿಯಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬರೆದ ರಫೇಲ್ ಸಬಾಟಿನಿಯ ಈ ಸಾಹಸ ಕಾದಂಬರಿ ಪ್ರಕಟವಾದದ್ದು 1921ರಲ್ಲಿ. 1923ರಲ್ಲಿ ಅದು ಮೂಕಿಚಿತ್ರವಾಯಿತು; 1952ರಲ್ಲಿ ಜಾರ್ಜ್ ಸಿಡ್ನಿಯ ನಿರ್ದೇಶನದಲ್ಲಿ, ಸ್ಟೂವರ್ಟ್ ಗ್ರೇಂಜರ್ ನಾಯಕನಾಗಿ, ವರ್ಣಚಿತ್ರವಾಗಿ ಮತ್ತೆ ಬಂದಿತು. ಫ್ರಾನ್ಸಿನ ಮಹಾಕ್ರಾಂತಿಯ ಹೊತ್ತಿನ ಕಥೆಯಿದು. ಕತ್ತಿವರಸೆಯಲ್ಲಿ ನಿಸ್ಸೀಮನಾದ ಒಬ್ಬ ಸರದಾರ, ಆಂದ್ರೆ ಮೊರೋ ಎಂಬ ತರುಣನ ಗೆಳೆಯನನ್ನು ದ್ವಂದ್ವಕ್ಕೆಳೆದು ಕೊಲ್ಲುತ್ತಾನೆ. ಸತ್ತವನಿಗೆ ಆ ವಿದ್ಯೆ ಬಾರದು. ಸೇಡಿನ ಶಪಥ ಮಾಡಿದ ಆಂದ್ರೆಗೂ ಬಾರದು. ತಲೆತಪ್ಪಿಸಿಕೊಂಡ ಅವನಿಗೆ ಆಶ್ರಯ ದೊರೆಯುವುದು ಊರೂರು ತಿರುಗುವ ನಾಟಕದ ಮೇಳವೊಂದರಲ್ಲಿ.

ಅಲ್ಲಿ ಅವನು ಧರಿಸುವ ಮುಖವಾಡ ಸ್ಕಾರಮೂಷನದು. ಬಾಯಲ್ಲಿ ಬಡಾಯಿ, ಎದೆಯಲ್ಲಿ ಪುಕ್ಕಲು ತುಂಬಿದ ಇವನು ಇಟಲಿಯ ಹಳೆಯ ಪ್ರಹಸನಗಳ ವಿದೂಷಕ. ಆಂದ್ರೆ ಈ ವೇಷದಲ್ಲಿ ಜನರನ್ನು ನಗಿಸುತ್ತಾನೆ; ಬಿಡುವಿನಲ್ಲಿ ಕತ್ತಿವರಸೆ ಕಲಿಯುತ್ತಾನೆ. ಮೊದಲು ವೈರಿಯ ಗುರುವಿನ ಬಳಿ, ಬಳಿಕ ಆ ಗುರುವಿನ ಗುರುವಿನ ಬಳಿ!

ಕಡೆಯ ಕಾಳಗವೂ ನಾಟಕಶಾಲೆಯಲ್ಲೇ. ಆರು ನಿಮಿಷಕ್ಕೂ ಮೀರಿದ ಈ ಕಾಳಗ ಪ್ರೇಕ್ಷಕರ ಮಾಳಿಗೆಯ ಕಟಕಟೆಯ ಮೇಲೆ ಸಾಗಿ, ಮೆಟ್ಟಿಲಿಳಿದು, ರಂಗದ ಮೇಲೆ ಮುಗಿಯುತ್ತದೆ. ವೈರಿ ಸೋತು ಕತ್ತಿಯ ಮೊನೆಗೆ ಸಿಕ್ಕುತ್ತಾನೆ. ಆದರೆ ಕೊಲ್ಲಲು ಆಂದ್ರೆಗೆ ಕೈ ಬಾರದು. ಇಬ್ಬರೂ ಒಂದೇ ತಂದೆಯ ಮಕ್ಕಳೆಂದು ಅವನಿಗೆ ತಿಳಿಯುವುದು ಆಮೇಲೆ.

ಕಾದಂಬರಿಯಲ್ಲಿ ಆ ಸರದಾರ ನಾಯಕನ ತಂದೆಯೇ. ಅಲ್ಲಿ ಗೆಳೆಯ ಸಾಯುವುದು ಅವನ ಮಾತಿಗೆ ಸರದಾರ ಹೆದರಿದ್ದರಿಂದ. ಆದ್ದರಿಂದ ಆಂದ್ರೆ ಮೊದಲು ಹಿಡಿಯುವ ಆಯುಧವೂ ಮಾತೇ. ಗೆಳೆಯ ಆಡಬೇಕಾಗಿದ್ದುದನ್ನು ಜನರೆದುರು ತಾನು ಆಡುತ್ತಾನೆ. ಚಿತ್ರದಲ್ಲಿಯೂ ಅವನು ಜನಪ್ರತಿನಿಧಿಗಳ ಸಭೆಗೆ ಹೋಗುವುದುಂಟು. ಆದರೆ ಹೋಗುವುದು ವೈರಿಯನ್ನು ಹುಡುಕಿಕೊಂಡು. ಜನರ ಸಂಕಟ ಹಿಂದೆ ಸರಿದು ಪ್ರಣಯ ಮುಂದೆ ಬಂದಿದೆ. ಇದು ಸಣ್ಣ ನಷ್ಟವಲ್ಲ.

ಆದರೂ ಒಂದು ಸತ್ಯವನ್ನು ಚಿತ್ರ ಉಳಿಸಿಕೊಂಡಿದೆ. ನೆಲೆಯಿಲ್ಲದವನಿಗೆ ನಾಟಕದ ಮೇಳ ಅನ್ನವನ್ನೂ ಕೊಡುತ್ತದೆ, ಕಲಿಯುವ ಅವಕಾಶವನ್ನೂ ಕೊಡುತ್ತದೆ. ನಮ್ಮಲ್ಲಿಯೂ ಹಾಗೆಯೇ ಆಯಿತಲ್ಲವೆ? 1954ರ 'ಬೇಡರ ಕಣ್ಣಪ್ಪ'ದಿಂದ ಹೆಸರಾದ ರಾಜಕುಮಾರ್ ಅವರೂ ತಿಪಟೂರಿನ ನರಸಿಂಹರಾಜು ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. 1960ರ 'ರಣಧೀರ ಕಂಠೀರವ'ದಲ್ಲಿ ಒಬ್ಬರು ಕತ್ತಿ ಹಿಡಿದರು, ಇನ್ನೊಬ್ಬರು ನಗಿಸಿದರು. ಇಬ್ಬರೂ ಕಲಿತ ಮನೆ ಒಂದೇ.

ಸ್ಕಾರಮೂಷನಲ್ಲಿ ಈ ಎರಡು ವಿದ್ಯೆಗಳೂ ಒಬ್ಬನಲ್ಲೇ ಕೂಡಿವೆ. ವೈರಿಯನ್ನು ಸೋಲಿಸಲು ಅವನಿಗೆ ಕತ್ತಿಯ ಗುರುಗಳು ಕಲಿಸಿದರು. ಗೆದ್ದ ಮೇಲೆ ಕೈ ತಡೆಯುವುದನ್ನು ಯಾರು ಕಲಿಸಿದರೆಂದು ಚಿತ್ರ ಹೇಳುವುದಿಲ್ಲ. ಜನರನ್ನು ನಗಿಸುತ್ತ ಬಾಳಿದ ಆ ದಿನಗಳೇ ಕಲಿಸಿರಬೇಕೆಂದು ಕಂಪನಿ ನಾಟಕ ನೋಡಿ ಬೆಳೆದ ನಮಗೆ ತೋರುತ್ತದೆ.