ರಾಜಿಯ ಬೆಲೆ



ಅಮೆರಿಕ ಗುಲಾಮಗಿರಿಯ ಪ್ರಶ್ನೆಯನ್ನು 1820ರಲ್ಲಿ, ಮತ್ತೆ 1850ರಲ್ಲಿ ರಾಜಿ ಮಾಡಿ ಮುಂದೂಡಿತು. 1857ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆಫ್ರಿಕಾ ಮೂಲದವರು ನಾಗರಿಕರೇ ಅಲ್ಲವೆಂದಿತು. 1860ರಲ್ಲಿ ಲಿಂಕನ್ ಗೆದ್ದೊಡನೆ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡತೊಡಗಿದವು, 1861ರಲ್ಲಿ ಯುದ್ಧ. ಅಲ್ಲಿಯ ಹತ್ತಿ ನಿಂತಿತು, ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡದ ಹತ್ತಿ ಬೇಕಾಯಿತು. ಅದನ್ನು ಸಾಗಿಸಲು ಈ ಕಾರವಾರ ಬಂದರು; 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು.

ಗುಲಾಮಗಿರಿ ನಮಗೂ ದೂರದ್ದಲ್ಲ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರ ವಂಶದ ಸಿದ್ದಿಗಳು ಅಂಕೋಲೆಯ ಕಾಡಂಚಿನಲ್ಲೂ ಇದ್ದಾರೆ.

ಕಲ್ಯಾಣದ ಶರಣರು ರಾಜಿ ಮಾಡಲಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ನಿಂತರು, ಪ್ರಾಣ ತೆತ್ತರು; ಉಳಿದವರು ಉಳವಿಗೆ ಬಂದರು. ನಾನು ವರ್ಷವೂ ಉಳವಿ ಜಾತ್ರೆಗೆ ಹೋಗುತ್ತೇನೆ. ದಾರಿಯ ಸಿದ್ದಿಗಳ ಮನೆಯಲ್ಲಿ ಕೂತು ನೀರು ಕುಡಿದದ್ದು ಎಷ್ಟು ಸಲ? ಒಮ್ಮೆಯೂ ಇಲ್ಲ. ಈ ವರ್ಷ ಕುಡಿಯುತ್ತೇನೆ. ನೀವೂ ಬನ್ನಿ.